ಆಯಿಯ ಚಂದ್ರಕಾಳಿಗೆ ಕತ್ತರಿ ಹಾಕಬೇಡ

(ನಮ್ಮ ಮನೆ ಮಂದಿಯ ವಾಟ್ಸಾಪ್ ಗುಂಪು. ತಮ್ಮ ಹುಬ್ಬಳ್ಳಿಯಲ್ಲಿ ಫ್ಲ್ಯಾಟ್ ತಗೊಂಡಿದ್ದಾನೆ. ಹಾಲ್ ಹೇಗೆ ಕಾಣುತ್ತದೆ ಎಂದು ಡಿಸೈನರ್ ಮಾಡಿಕೊಟ್ಟ ಚಿತ್ರವನ್ನು ಗುಂಪಿಗೆ ಹಾಕಿದ. ಅಲ್ಲಿಂದ ಶುರುವಾಯಿತು. ಚಂದ್ರಕಾಳಿ ಅಂದರೆ ಕಸೂತಿ ಹಾಕಿದ ಕಪ್ಪು ರೇಷ್ಮೆ ಸೀರೆ.)

ತಮ್ಮ: ಎಲ್ಲರೂ ನೋಡಿ ಹೇಳಿ. ಟಿವಿ ಎದುರಿನ ಗೋಡೆ ‘ಹೆರಿಟೇಜ್ ವಾಲ್’ ಅಂತೆ. ಮೇಲೆ ಜರೋಕಾ ಅನ್ನುವ ಕೆತ್ತನೆಯ ಕಿಟಕಿ, ಕೆಳಗೆ ಉರುಳಿ ಅನ್ನುವ ಅಗಲ ಬಾಯಿಯ ಹಿತ್ತಾಳೆ ಪಾತ್ರೆ, ನಡುವೆ ಆಯಿಯ ಚಂದ್ರಕಾಳಿ ಸೀರೆಯ ಸೆರಗು ಕತ್ತರಿಸಿ ಫ್ರೇಮ್.

ಕಾಕಾ: ಬಹಳ ಚಂದ ಇದೆ. 👌

ಅತ್ತಿ: ಕತ್ತರಿಸಿ ಅಂದ್ರೆ?

ತಮ್ಮ: ಪೂರ್ತಿ ಸೀರೆ ಗೋಡೆ ಮೇಲೆ ಹಿಡಿಸುವುದಿಲ್ಲ ಅತ್ತಿ. ತೇರು, ಗೋಪುರ ಇರುವ ಭಾಗ ಮಾತ್ರ ಸಾಕು ಅಂದರು.

ನಾನು: ಬೇಡ ತಮ್ಮಾ. ಕತ್ತರಿ ಹಾಕಬೇಡ.

ತಮ್ಮ: ಅಕ್ಕಾ, ಎಷ್ಟು ವರ್ಷದಿಂದ ಅದು ಟ್ರಂಕಿನಲ್ಲೇ ಬಿದ್ದಿದೆ? ಯಾರೂ ಉಡುವುದಿಲ್ಲ, ಯಾರೂ ನೋಡುವುದಿಲ್ಲ. ಗೋಡೆ ಮೇಲಿದ್ದರೆ ಬಂದವರಾದರೂ ನೋಡುತ್ತಾರೆ. ಇದು ಅಗೌರವ ಹೇಗಾಗುತ್ತದೆ?

ನಾನು: ಟ್ರಂಕಿನಲ್ಲಿ ಕೊಳೆಯಬಾರದು ಅನ್ನುವ ಮಾತು ನೂರಕ್ಕೆ ನೂರು ಸರಿ. ಆದರೆ ಆ ಸೀರೆಯನ್ನು ಒಮ್ಮೆ ಬಿಚ್ಚಿ ನೋಡು. ತೇರಿನ ಗೆರೆಯೆಲ್ಲ ಗಾವಂತಿ ಹೊಲಿಗೆ. ಸೂಜಿ ಎಣಿಸಿದಷ್ಟು ಎಳೆ ಬಿಟ್ಟು ಅಷ್ಟೇ ಎಳೆ ಹಿಡಿಯುತ್ತಾ ಕೊನೆತನಕ ಹೋಗುತ್ತದೆ, ಮತ್ತೆ ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತಾ ವಾಪಸ್ ಬರುತ್ತದೆ. ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟೂ ಹಾಕುವಂತಿಲ್ಲ. ಅದಕ್ಕೇ ಗಾವಂತಿ, ಮೆಟ್ಟಿಲಿನಂತೆ ಹೋಗುವ ಮುರ್ಗಿ ಹೊಲಿಗೆ ಎರಡೂ ಮೇಲೆ ಹೇಗೋ ಕೆಳಗೂ ಹಾಗೇ ಕಾಣುತ್ತವೆ. ಆಯಿ ಯಾರಿಗಾದರೂ ಕಸೂತಿ ತೋರಿಸುವಾಗ ಮೊದಲು ಸೆರಗು ತಿರುವಿ ಹಿಂಬದಿ ತೋರಿಸುತ್ತಿದ್ದಳು. ನೀನು ಅದನ್ನು ಹಲಗೆಗೆ ಅಂಟಿಸಿ ಮುಂದೆ ಗಾಜು ಹಾಕಿದರೆ, ಅವಳು ಹೆಮ್ಮೆಪಡುತ್ತಿದ್ದ ಕೆಲಸವೇ ಮುಚ್ಚಿಹೋಗುತ್ತದೆ.

ಅತ್ತಿ: ಖರೆ. ಹಿಂದೆ ಗಂಟು ಕಂಡರೆ ಆಯಿ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು ನನಗೆ.

ಕಾಕು: ಅಂಟು ಅಂತೂ ಬೇಡವೇ ಬೇಡ. ಆ ಗೋಡೆಗೆ ಸಂಜೆ ಬಿಸಿಲು ಬೀಳುತ್ತದೆ, ಗೃಹಪ್ರವೇಶದ ದಿನ ನೋಡಿದ್ದೇನೆ. ರೇಷ್ಮೆಗೆ ಬಿಸಿಲು ಆಗುವುದಿಲ್ಲ, ಬಣ್ಣ ಹೋಗುತ್ತದೆ, ಎಳೆ ಪಿಸಿಯುತ್ತದೆ. ಟ್ರಂಕಿನಲ್ಲಿ ಒಂದೇ ಮಡಿಕೆಯಲ್ಲಿ ಇಟ್ಟರೂ ಮಡಿಕೆಯಲ್ಲೇ ಸೀಳುತ್ತದೆ. ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಬೇಕು.

ತಮ್ಮ: ಸರಿ, ಸೀರೆ ಬಿಡಿ. ಹಾಗಾದ್ರೆ ಗೋಡೆಗೆ ಏನು? ಜರೋಕಾ, ಉರುಳಿ ಚೆನ್ನಾಗಿಲ್ವಾ?

ನಾನು: ಚೆನ್ನಾಗಿವೆ. ಜರೋಕಾ ರಾಜಸ್ಥಾನದ್ದು, ಉರುಳಿ ಕೇರಳದ್ದು. ನೀನು ಅಲ್ಲಿಗೆ ಹೋಗಿ ಇಷ್ಟಪಟ್ಟು ತಂದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ, ಆಗ ಅದು ನಿನ್ನ ಕಥೆ. ಇದು ಹಾಗಲ್ಲ, ಡಿಸೈನರ್ ಪಟ್ಟಿಯಲ್ಲಿ ಇತ್ತು, ಬಂತು. ಹಿತ್ತಾಳೆಯೇ ಬೇಕಾದರೆ ನಮ್ಮ ಹಂಡೆ, ತಂಬಿಗೆ ಗದಗಿನಲ್ಲಿವೆ. ನೆಲಕ್ಕೆ ನವಲಗುಂದದ ಜಮಖಾನ ಇದೆ, ನಟ್ಟನಡುವೆ ಪಗಡೆ ಹಾಸು, ಸುತ್ತ ನವಿಲು. ನಿಮ್ಮ ಮನೆಯಿಂದ ನವಲಗುಂದ ಎಷ್ಟು ದೂರ ಹೇಳು? ಅಲ್ಲಿನ ಹೆಣ್ಣುಮಕ್ಕಳು ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹತ್ತಿ ನೂಲಿನಿಂದ ನೇಯುತ್ತಾರೆ. ಆ ಊರಿನದೇ ಅನ್ನುವ ಜಿಐ ಗುರುತು ಸಿಕ್ಕಿದೆ, ಆದರೆ ನೇಯುವ ಕೈ ಕಡಿಮೆ ಆಗುತ್ತಿವೆ. ಜರೋಕಾದ ದುಡ್ಡಿಗೆ ಅಲ್ಲಿ ಇನ್ನೊಂದು ಜಮಖಾನ ನೇಯಿಸು.

ಮತ್ತೆ ಇನ್ನೊಂದು. ಚಿತ್ರದಲ್ಲಿ ನಿನ್ನ ತಬಲಾ ಎಲ್ಲಿ?

ತಮ್ಮ: ಲಾಫ್ಟ್ ಮೇಲೆ. ಹಾಲ್‌ನಲ್ಲಿ ಇಟ್ಟರೆ ಸಾಮಾನು ಜಾಸ್ತಿ ಕಾಣುತ್ತದೆ ಅಂದರು.

ನಾನು: ಇದೇ ನನಗೆ ಸಂಕಟ ಮಾಡಿದ್ದು! ಎಂಟನೇ ವಯಸ್ಸಿನಿಂದ ಕೈಯಾಡಿಸಿದ್ದೀಯ. ಆ ಹಾಲ್‌ನಲ್ಲಿ ನಿನ್ನದು ಅಂತ ಇದ್ದರೆ ಮೊದಲು ಅದು. ಮೂಲೆಯಲ್ಲಿ ಜಮಖಾನ ಹಾಸಿ ತಬಲಾ ಇಡು. ಬೇಕೆನಿಸಿದಾಗ ಕೂತು ನುಡಿಸುವ ಹಾಗೆ ಇರಬೇಕು. ಲಾಫ್ಟ್‌ಗೆ ಹೋದ ವಾದ್ಯ ಕೆಳಗೆ ಇಳಿಯುವುದಿಲ್ಲ, ನಮ್ಮ ಅಪ್ಪನ ಹಾರ್ಮೋನಿಯಂ ಏನಾಯಿತು ನೋಡಿದ್ದೀಯಲ್ಲ.

ಕಾಕಾ: ಗದಗಿನ ಮನೆ ಬಿಚ್ಚುವಾಗ ಪಡಸಾಲೆಯ ಕಂಬ, ಅದರ ತಲೆಯ ಮೇಲಿನ ಬೋದಿಗೆ ಎಲ್ಲ ತೆಗೆದಿಟ್ಟಿದ್ದೇನೆ. ಒಂದು ಕಂಬ ಒಯ್ದು ಹಾಲ್‌ನಲ್ಲಿ ನಿಲ್ಲಿಸು. ಮನೆತನದ ಗುರುತು.

ತಮ್ಮ: ಕಾಕಾ, ಫ್ಲ್ಯಾಟಿನ ಮಾಳಿಗೆ ಅಷ್ಟು ಎತ್ತರ ಇಲ್ಲ. ಕಂಬ ಕತ್ತರಿಸಬೇಕಾಗುತ್ತದೆ.

ಕಾಕಾ: ಸೀರೆ ಕತ್ತರಿಸಬಾರದು, ಕಂಬ ಕತ್ತರಿಸಬಹುದಾ?

ನಾನು: ಅದೂ ಬೇಡ ಕಾಕಾ. ಏನನ್ನೂ ಹೊರದೆ ಹಾಲ್ ನಡುವೆ ಕಂಬ ನಿಂತರೆ ಮಕ್ಕಳಿಗೆ ಹಣೆ ಬಡಿಯಲಿಕ್ಕೆ ಆಗುತ್ತದೆ ಅಷ್ಟೇ. ಮುರಿದ ತೊಲೆಯ ತುಂಡುಗಳು ಇವೆಯಲ್ಲ, ಸಾಗವಾನಿ. ಅದರಿಂದ ಬಾಗಿಲ ಹತ್ತಿರ ಒಂದು ಮಣೆ ಮಾಡಿಸೋಣ, ಕೂತು ಚಪ್ಪಲಿ ಬಿಚ್ಚಲಿಕ್ಕೆ. ಗೆದ್ದಲು ಇದೆಯೇ ಅಂತ ಮೊದಲು ಬಡಿಗನಿಗೆ ತೋರಿಸಿ.

ಕಾಕಾ: ಕಂಬ ಕಂಬವೇ. ನನಗೆ ಒಪ್ಪಿಗೆ ಇಲ್ಲ.

ತಮ್ಮನ ಹೆಂಡತಿ: ಅಕ್ಕಾ, ನಾನೊಂದು ಕೇಳಲಾ? ಬೇಜಾರು ಮಾಡ್ಕೋಬೇಡಿ. ಆಯಿ, ಪಡಸಾಲೆ, ಹಂಡೆ ಎಲ್ಲ ನಿಮ್ಮ ಮನೆಯವು. ನಾನು ಹಾವೇರಿಯಿಂದ ಬಂದವಳು. ಆ ಗೋಡೆಯಲ್ಲಿ ನನ್ನದು ಏನು?

ಅತ್ತಿ: ಸರಿಯಾಗಿ ಕೇಳಿದಳು ನೋಡಿ.

ನಾನು: ಬೇಜಾರು ಯಾಕವ್ವಾ, ಕೇಳಲೇಬೇಕಾದ ಮಾತು. ಅದು ನಿನ್ನ ಮನೆ. ನಿನಗೆ ಏನು ಬೇಕು ಹೇಳು.

ತಮ್ಮನ ಹೆಂಡತಿ: ನಮ್ಮ ಅವ್ವ ಹೊಲಿದ ಕೌದಿ. ಅಪ್ಪನ ಧೋತರ, ನನ್ನ ಶಾಲೆ ಲಂಗ, ಅಕ್ಕನ ಮದುವೆ ಸೀರೆಯ ತುಂಡು ಎಲ್ಲ ಅದರಲ್ಲಿವೆ. ಯಾವ ತುಂಡು ಯಾರದು ಅಂತ ಕಣ್ಣುಮುಚ್ಚಿ ಹೇಳುತ್ತೇನೆ. ಡಿಸೈನರ್‌ಗೆ ತೋರಿಸಿದೆ. ಬಣ್ಣ ಹೊಂದುವುದಿಲ್ಲ, ಬೆಡ್‌ರೂಮಿನಲ್ಲಿ ಇಡಿ ಅಂದರು. ಮದುವೆಯಲ್ಲಿ ಹಾಕಿದ ಹಾವೇರಿಯ ಏಲಕ್ಕಿ ಮಾಲೆಯೂ ಇದೆ, ಡಬ್ಬಿ ತೆಗೆದರೆ ಇನ್ನೂ ವಾಸನೆ ಬರುತ್ತದೆ.

ನಾನು: ಕೌದಿ ಹಾಲ್‌ನಲ್ಲೇ ಇರಲಿ. ದಿವಾನದ ಮೇಲೆ ಹಾಸು, ಬಂದವರು ಅದರ ಮೇಲೆ ಕೂರಲಿ. ಬಣ್ಣ ಹೊಂದಬೇಕಾದರೆ ಗೋಡೆಯ ಬಣ್ಣ ಬದಲಿಸಲಿ, ಅದಿನ್ನೂ ಬಳಿದಿಲ್ಲ ಅಲ್ವಾ?

ತಮ್ಮ: ಇನ್ನೂ ಇಲ್ಲ. ಆದರೆ ಅಕ್ಕಾ, ಕೌದಿ, ಜಮಖಾನ, ಹಂಡೆ, ತಬಲಾ... ಎಲ್ಲ ಸೇರಿದರೆ ಸಂತೆ ಆಗಲ್ವಾ? ನನಗೆ ಖಾಲಿ ಜಾಗ ಇಷ್ಟ. ಅದೂ ನನ್ನ ಸ್ವಭಾವವೇ.

ನಾನು: ಹಾಗಾದರೆ ಹಂಡೆ ಬಿಡು. ಗೋಡೆ ಖಾಲಿಯೇ ಇರಲಿ, ‘ಹೆರಿಟೇಜ್ ವಾಲ್’ ಬೇಡ ಅಂತ ಹೇಳಿಬಿಡು. ಒಂದು ಜಮಖಾನ, ಒಂದು ಕೌದಿ, ತಬಲಾ. ದಿನಾ ಕೈಗೆ ಸಿಗುವಂಥವು ಇಷ್ಟೇ ಸಾಕು.

ಕಾಕು: ಚಂದ್ರಕಾಳಿ ನನ್ನ ಹತ್ತಿರ ಕೊಡಿ, ಗಾಳಿಗೆ ಹಾಕಿ ಕೊಡುತ್ತೇನೆ. ಸಂಕ್ರಾಂತಿಗೆ ಸೊಸೆ ಉಡಲಿ. ಅಂಚು ಒಂದು ಕಡೆ ಬಿಟ್ಟಿದೆ, ಮೊದಲು ಅದನ್ನು ಹೊಲಿಯಬೇಕು.

ತಮ್ಮನ ಹೆಂಡತಿ: ಉಡುತ್ತೇನೆ ಕಾಕು. 🙏

ತಮ್ಮ: ಡಿಸೈನರ್‌ಗೆ ಫೋನ್ ಮಾಡುತ್ತೇನೆ. ಅಕ್ಕಾ, ಜಮಖಾನದ ಅಳತೆ ಕಳಿಸು.

ಕಾಕಾ: ಕಂಬದ ಮಾತು ಇನ್ನೂ ಮುಗಿದಿಲ್ಲ.