ಮೈನ್‌ಕ್ರಾಫ್ಟ್ ಲ್ಯಾನ್ ವರ್ಲ್ಡ್ ತಮ್ಮನ ಲ್ಯಾಪ್‌ಟಾಪಲ್ಲಿ ಕಾಣಿಸ್ತಿಲ್ಲ, ಹೆಲ್ಪ್ ಮಾಡಿ

ಮಣ್ಣಿನ_ಮನೆ: ನಂದು ಕೆಳಗಡೆ ಡೆಸ್ಕ್‌ಟಾಪು, ತಮ್ಮಂದು ಮೇಲಿನ ರೂಮಲ್ಲಿ ಲ್ಯಾಪ್‌ಟಾಪು, ಎರಡರಲ್ಲೂ ಜಾವಾ ಎಡಿಷನ್, ಒಂದೇ ವರ್ಷನ್ನು. ನಾನು ಓಪನ್ ಟು ಲ್ಯಾನ್ (ಮನೆ ನೆಟ್‌ವರ್ಕಲ್ಲೇ ಜೊತೆಗೆ ಆಡೋ ಆಪ್ಷನ್) ಕೊಟ್ರೆ ಅವನ ಕಡೆ ಸುಮ್ನೆ ಹುಡುಕ್ತಾನೇ ಇರುತ್ತೆ, ಏನೂ ಬರಲ್ಲ. ಇಂಟರ್ನೆಟ್ ಇಬ್ರಿಗೂ ಸೂಪರಾಗಿದೆ. ಫೈರ್‌ವಾಲೂ ಆಫ್ ಮಾಡಿ ನೋಡಾಯ್ತು.

ಕೇಬಲ್_ಗುರು: ಮೊದ್ಲು ಫೈರ್‌ವಾಲ್ ವಾಪಸ್ ಆನ್ ಮಾಡಿ ಮಾರಾಯ್ರೆ, ಅದನ್ನ ಹಾಗೇ ಬಿಡ್ಬೇಡಿ. ವಿಂಡೋಸಲ್ಲಿ ನೆಟ್‌ವರ್ಕ್ ಪ್ರೈವೇಟ್ ಅಂತ ಇದ್ಯಾ ನೋಡಿ. ಆಮೇಲೆ ಎರಡರಲ್ಲೂ ಕಮಾಂಡ್ ಪ್ರಾಂಪ್ಟಲ್ಲಿ ಐಪಿಕಾನ್ಫಿಗ್ ಹೊಡೆದು, ಬರೋ ಐಪಿ ನಂಬರ್ (ನೆಟ್‌ವರ್ಕಲ್ಲಿ ಆ ಕಂಪ್ಯೂಟರ್ ವಿಳಾಸ) ಇಲ್ಲಿ ಹಾಕಿ. ಓಪನ್ ಮಾಡ್ದಾಗ ಚಾಟಲ್ಲಿ ಪೋರ್ಟ್ ನಂಬರ್ ಬರುತ್ತಲ್ಲ, ಡೈರೆಕ್ಟ್ ಕನೆಕ್ಷನಲ್ಲಿ ನಿಮ್ಮ ಐಪಿ, ಕೋಲನ್, ಆ ಪೋರ್ಟ್ ಹಾಕಕ್ಕೆ ತಮ್ಮಂಗೆ ಹೇಳಿ.

ಮಣ್ಣಿನ_ಮನೆ: ಹಾಕಿದ್ರೆ ಬಂದ! ಆದ್ರೆ ಅವನು ಹೋಸ್ಟ್ ಮಾಡಿದ್ರೆ ನಂಗೆ ಹೋಗಕ್ಕಾಗ್ತಿಲ್ಲ. ನಂದು 192.168.0.104, ಅವಂದು 192.168.1.7.

ರಾತ್ರಿ_ಪಾಳಿ: ಸಿಕ್ತಲ್ಲ ಕಳ್ಳ, ಐಪಿಲಿ ಮೂರನೇ ನಂಬರ್ ನಿಮ್ದು 0, ಅವಂದು 1. ಮೇಲೆ ಇನ್ನೊಂದು ರೌಟರ್ ಇದೆ ಅಲ್ವಾ? ಅದು ತಂದೇ ಬೇರೆ ನೆಟ್‌ವರ್ಕ್ ಮಾಡ್ಕೊಂಡು ಕೂತಿದೆ. ಲ್ಯಾನ್ ಗೇಮ್ ಇದೆ ಅಂತ ಎಲ್ರಿಗೂ ಕೂಗೋ ಮಲ್ಟಿಕಾಸ್ಟ್ ಮೆಸೇಜು ಅದನ್ನ ದಾಟಲ್ಲ. ಡೈರೆಕ್ಟ್ ಕನೆಕ್ಷನಾದ್ರೆ ಒಳಗಿಂದ ಹೊರಗೆ ಬರ್ಬಹುದು, ಹೊರಗಿಂದ ಒಳಗೆ ಹೋಗಕ್ಕಾಗಲ್ಲ. ಮೇಲಿನ ರೌಟರ್ ಸೆಟ್ಟಿಂಗಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಮಾಡ್ದೆ ಬರೀ ವೈಫೈ ಕೊಡೋದು) ಮಾಡಿ. ಆ ಆಪ್ಷನ್ ಇಲ್ಲಾಂದ್ರೆ ಅದರ ಐಪಿ 192.168.0.2 ಮಾಡಿ, ಡಿಹೆಚ್‌ಸಿಪಿ (ಐಪಿ ಹಂಚೋ ಕೆಲಸ) ಆಫ್ ಮಾಡಿ, ಕೇಬಲ್ ವ್ಯಾನ್ (WAN) ಪೋರ್ಟಿಂದ ತೆಗೆದು ಲ್ಯಾನ್ ಪೋರ್ಟಿಗೆ ಚುಚ್ಚಿ. ಗೆಸ್ಟ್ ವೈಫೈ ಮಾತ್ರ ಬೇಡ, ಅದ್ರಲ್ಲಿ ಒಬ್ರಿಗೊಬ್ರು ಕಾಣಿಸದ ಹಾಗೆ ತಡೆದಿರ್ತಾರೆ.

ಮಣ್ಣಿನ_ಮನೆ: ಆಯ್ತು ಗುರು, ಮೋಡ್ ಬದಲಾಯಿಸಿ ರೀಸ್ಟಾರ್ಟ್ ಮಾಡಿದ್ದಷ್ಟೇ, ಲಿಸ್ಟಲ್ಲಿ ತಾನಾಗೇ ಬಂತು. ಬಂದ ಐದೇ ನಿಮಿಷಕ್ಕೆ ನನ್ನ ಮನೆ ಕೆಳಗೆ ಟಿಎನ್‌ಟಿ ಇಟ್ಟಿದಾನೆ ಬಡ್ಡಿಮಗ.