ಈ ಭಾನುವಾರದ ಪ್ರಶ್ನೋತ್ತರ: ಮನೆಗೆ ಕೆಲಸದವರನ್ನು ಕರೆಯೋ ಮುಂಚೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಬಡಾವಣೆಯವರೇ ಆದ ಕಾಂಟ್ರಾಕ್ಟರ್ ಅಣ್ಣ ಉತ್ತರ ಕೊಡ್ತಾರೆ. ಗಾರೆ ಕೆಲಸದ ಹೆಲ್ಪರ್ ಆಗಿ ಶುರು ಮಾಡಿದವರು, 24 ವರ್ಷದಿಂದ ಮೈಸೂರಲ್ಲಿ ಮನೆ ರಿಪೇರಿ, ವಾಟರ್‌ಪ್ರೂಫಿಂಗ್, ಪ್ಲಂಬಿಂಗ್ ಮಾಡಿಸ್ತಿದ್ದಾರೆ. ದಯವಿಟ್ಟು ರೇಟು ಇಲ್ಲಿ ಕೇಳಬೇಡಿ. ಕೆಲಸದವರನ್ನು ಮನೆಯೊಳಗೆ ಬಿಟ್ಟುಕೊಳ್ಳುವಾಗ ಏನು ಎಚ್ಚರ, ಅದನ್ನ ಕೇಳಿ.

ಪ್ರಶ್ನೆ (4ನೇ ಕ್ರಾಸ್): ಅಣ್ಣ, ಅಪ್ಪ ಅಮ್ಮ ಇಬ್ಬರೇ ಇರೋದು. ನಿನ್ನೆ ಒಬ್ಬ ಬೈಕಲ್ಲಿ ಬಂದು, "ಪಕ್ಕದ ರೋಡಲ್ಲಿ ಟೆರೇಸ್ ಕೆಲಸ ನಡೀತಿದೆ, ನಿಮ್ಮನೇದು ಕೆಳಗಿನಿಂದಲೇ ಕಾಣ್ತಿದೆ, ಬಿರುಕು ಬಿಟ್ಟಿದೆ, ಈ ಮಳೆಗಾಲ ತಡೆಯಲ್ಲ" ಅಂದನಂತೆ. ಕೆಮಿಕಲ್ ಉಳಿದಿದೆ, ಅರ್ಧ ರೇಟಿಗೆ ಮಾಡಿಕೊಡ್ತೀನಿ, 15,000 ಅಡ್ವಾನ್ಸ್ ಕೊಡಿ ಅಂತ. ಅಪ್ಪ ಹೂಂ ಅಂದುಬಿಟ್ಟಿದ್ದಾರೆ.

ಉತ್ತರ: ಮೇಡಂ, ರೋಡಲ್ಲಿ ನಿಂತು ನೋಡಿದ್ರೆ ನನಗೆ ನಿಮ್ಮ ಟೆರೇಸಿನ ಪ್ಯಾರಪೆಟ್ ಕಾಣುತ್ತೆ, ಬಿರುಕು ಕಾಣಲ್ಲ. ಅಪ್ಪಾವ್ರಿಗೆ ಇದೊಂದು ಮಾತು ಹೇಳಿ, ಅವರಿಗೇ ನಗು ಬರುತ್ತೆ. ಕೆಲಸ ಚೆನ್ನಾಗಿ ಮಾಡೋನಿಗೆ ಈಗಿನ ಕಾಲದಲ್ಲಿ ಮನೆ ಮನೆ ಬಾಗಿಲು ತಟ್ಟೋಕೆ ಪುರುಸೊತ್ತು ಇರಲ್ಲ. "ಕೆಮಿಕಲ್ ಉಳಿದಿದೆ" ಅನ್ನೋದು ಹಳೇ ರಾಗ. ಬಿಳಿ ದ್ರಾವಣಕ್ಕೆ ನೀರು ಬೆರೆಸಿ ಎರಡು ಗಂಟೆಯಲ್ಲಿ ಬಳಿದು ಹೋಗ್ತಾರೆ, ಮೊದಲ ಮಳೆಗೆ ಚಕ್ಕೆ ಏಳುತ್ತೆ.

ಸರಿಯಾದ ಕೆಲಸ ಅಂದ್ರೆ: ಪಾಚಿ ಉಜ್ಜಿ ತೊಳೆದು, ಒಣಗಿಸಿ, ಬಿರುಕು ಬಿಡಿಸಿ ತುಂಬಿ, ಆಮೇಲೆ ಎರಡು ಕೋಟ್, ನಡುವೆ ಒಣಗೋಕೆ ಬಿಡೋದು. ಅದಾದ್ಮೇಲೆ ನೀರು ಹೋಗೋ ತೂತು ಮುಚ್ಚಿ, ಟೆರೇಸಲ್ಲಿ ಒಂದೆರಡು ಇಂಚು ನೀರು ನಿಲ್ಲಿಸಿ ಒಂದು ದಿನ ಬಿಟ್ಟು ಕೆಳಗಡೆ ಸೀಲಿಂಗ್ ನೋಡೋದು. ಆ ನೀರು ನಿಲ್ಲಿಸೋ ಪರೀಕ್ಷೆ ಆಗೋವರೆಗೂ ಕೊನೇ ಕಂತು ಕೊಡಬೇಡಿ. ಅಡ್ವಾನ್ಸ್ ನಾನೂ ಕೇಳ್ತೀನಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಸಾಮಾನಿನ ದುಡ್ಡು ನೀವೇ ಅಂಗಡಿಗೆ ಕಟ್ಟಿ ಬಿಲ್ಲು ತಗೊಳ್ಳಿ ಅಂತೀನಿ, ಹುಡುಗರ ಕೂಲಿ ಶನಿವಾರ ಬಟವಾಡೆ. ಏನು ಕೆಲಸ, ಎಷ್ಟು ಚದರಡಿ, ಯಾವ ಕಂಪನಿ ಸಾಮಾನು, ಒಟ್ಟು ಎಷ್ಟು, ಒಂದು ಹಾಳೇಲಿ ಬರೆದು ಇಬ್ಬರೂ ಸೈನ್. ಇಷ್ಟಕ್ಕೆ ಸಿಟ್ಟು ಮಾಡ್ಕೊಳ್ಳೋನು ಹೋಗಲಿ ಬಿಡಿ.

ಪ್ರಶ್ನೆ (2ನೇ ಕ್ರಾಸ್): ನಮ್ಮದು ಹೊಸ ಮನೆ. ಸಂಪ್ ಮುಚ್ಚಿ ಎರಡು ತಿಂಗಳ ಮೇಲಾಯ್ತು, ಒಳಗೆ ಸೆಂಟ್ರಿಂಗ್ ಹಲಗೆ (ಕಾಂಕ್ರೀಟ್ ಹಾಕುವಾಗ ಆಸರೆಗೆ ಕೊಟ್ಟಿದ್ದು) ಹಾಗೇ ಇದೆ, ಸ್ವಲ್ಪ ನೀರೂ ನಿಂತಿದೆ. ಹಲಗೆ ಬಿಚ್ಚಿ ಕ್ಲೀನ್ ಮಾಡೋಕೆ ನಾಳೆ ಬೆಳಿಗ್ಗೆ ಇಬ್ಬರು ಬರ್ತಾರೆ. ನಾನು ಆಫೀಸಿಗೆ ಹೋಗ್ತೀನಿ, ಮನೇಲಿ ಹೆಂಡತಿ, ಮೂರು ವರ್ಷದ ಮಗು. ಗೇಟ್ ತೆಗೆದುಕೊಟ್ಟರೆ ಸಾಕಲ್ವಾ?

ಉತ್ತರ: ಸರ್, ಸಾಲಲ್ಲ. ನಾಳೆ ಬೆಳಿಗ್ಗೆ ಅವರನ್ನ ಇಳಿಸಬೇಡಿ. ಇವತ್ತು ಬಂದಿರೋ ಪ್ರಶ್ನೆಗಳಲ್ಲಿ ನನಗೆ ಭಯ ಆಗಿದ್ದು ಇದೊಂದೇ.

ಮುಚ್ಚಿದ ಸಂಪಲ್ಲಿ ಒದ್ದೆ ಹಲಗೆ ಕೊಳೆಯುತ್ತೆ, ಕಬ್ಬಿಣದ ಮೊಳೆ, ತಂತಿ ತುಕ್ಕು ಹಿಡಿಯುತ್ತೆ. ಎರಡೂ ಒಳಗಿನ ಆಮ್ಲಜನಕವನ್ನ ತಿಂದುಹಾಕ್ತವೆ. ಹೊರಗೆ ಗಾಳೀಲಿ ಸುಮಾರು 21 ಪರ್ಸೆಂಟ್ ಇರುತ್ತೆ, 19.5ಕ್ಕಿಂತ ಕಮ್ಮಿ ಆದ್ರೆ ಅಲ್ಲಿ ಕೆಲಸ ಮಾಡಬಾರದು, 10ಕ್ಕಿಂತ ಇಳಿದ್ರೆ ನಿಮಿಷಗಳಲ್ಲಿ ಪ್ರಜ್ಞೆ ಹೋಗುತ್ತೆ. ಉಸಿರು ಕಟ್ಟಿದಂಗೆ ಅನ್ನಿಸಲ್ಲ, ವಾಸನೆ ಬರಲ್ಲ. ಏಣಿ ಇಳಿದವನು ಸುಮ್ಮನೆ ಮಂಡಿಯೂರಿ ಕೂತ ಹಾಗೆ ಬೀಳ್ತಾನೆ. ಮೇಲಿರೋನು ಏನಾಯ್ತೋ ಅಂತ ಹಾರ್ತಾನೆ, ಅವನೂ ಬೀಳ್ತಾನೆ. ಪೇಪರಲ್ಲಿ "ಸಂಪ್‌ಗೆ ಇಳಿದ ಇಬ್ಬರ ಸಾವು" ಅಂತ ಬರುತ್ತಲ್ಲ, ಎರಡನೆಯವನು ಬಹಳ ಸಲ ಕಾಪಾಡೋಕೆ ಹೋದವನು.

ಏನು ಮಾಡಬೇಕು ಅಂದ್ರೆ, ಹಿಂದಿನ ದಿನವೇ ಮುಚ್ಚಳ ಪೂರ್ತಿ ತೆಗೆಸಿ. ನಿಂತ ನೀರನ್ನ ಮೇಲಿಂದಲೇ ಕರೆಂಟ್ ಪಂಪಲ್ಲಿ ಎತ್ತಿಸಿ. ಡೀಸೆಲ್, ಪೆಟ್ರೋಲ್ ಪಂಪನ್ನ ಒಳಗೆ ಇಳಿಸೋದಾಗಲಿ, ಬಾಯಿ ಹತ್ರ ಇಡೋದಾಗಲಿ ಬೇಡ, ಅದರ ಹೊಗೆ ಒಳಗೆ ತುಂಬಿಕೊಂಡ್ರೆ ಅದೇ ಕೊಲ್ಲುತ್ತೆ. ಬ್ಲೋವರ್ ಬಾಡಿಗೆಗೆ ತಂದು, ಅದರ ಪೈಪ್ ತಳದವರೆಗೂ ಬಿಟ್ಟು ಹೊಸ ಗಾಳಿ ಊದಬೇಕು, ಕೆಲಸ ಮುಗಿಯೋವರೆಗೂ ನಿಲ್ಲಿಸಬಾರದು. ಒಳಗಿನ ಗಾಳಿ ಅಳೆಯೋ ಗ್ಯಾಸ್ ಮೀಟರ್ ಇರೋ ತಂಡವನ್ನೇ ಕರೆಸಿ, ಇಳಿಯೋ ಮುಂಚೆ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ನೋಡಲಿ. ಇಳಿಯೋನ ಮೈಗೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗದ ತುದಿ ಮೇಲಿರೋನ ಕೈಯಲ್ಲಿ. ಮೇಲಿರೋನು ಬೀಡಿ ಸೇದೋಕೂ ಆಕಡೆ ಹೋಗಬಾರದು. ಬಿದ್ದುಬಿಟ್ಟರೆ ಹಗ್ಗ ಎಳೀಬೇಕು, 112ಕ್ಕೆ ಫೋನ್ ಮಾಡಬೇಕು, ಯಾರೂ ಹಿಂದೆ ಇಳಿಯಬಾರದು. ಇದನ್ನ ನಿಮ್ಮ ಮನೆಯವರಿಗೂ ಹೇಳಿಡಿ.

ಪ್ರಶ್ನೆ (1ನೇ ಕ್ರಾಸ್): ನಮ್ಮ ಊರಲ್ಲಿ ಬಾವಿಗೆ ದೀಪ ಇಳಿಸಿ ನೋಡ್ತಿದ್ರು. ಉರಿದ್ರೆ ಸರಿ, ಆರಿದ್ರೆ ಇಳೀಬಾರದು ಅಂತ. ಅಷ್ಟು ಸಾಲದಾ?

ಉತ್ತರ: ಯಜಮಾನ್ರೇ, ನಮ್ಮ ತಾತನೂ ಹಂಗೇ ಮಾಡ್ತಿದ್ದ. ದೀಪ ಆರಿದ್ರೆ ಇಳೀಬೇಡ ಅನ್ನೋದು ಸರಿ. ಉರಿದ್ರೆ ಇಳಿ ಅನ್ನೋದು ತಪ್ಪು. ಆಮ್ಲಜನಕ ಸುಮಾರು 16 ಪರ್ಸೆಂಟಿಗೆ ಇಳಿಯೋವರೆಗೂ ದೀಪ ಉರಿಯುತ್ತೆ, ಇಂಜಿನ್ ಹೊಗೆಯ ವಿಷ ಅದಕ್ಕೆ ಗೊತ್ತೇ ಆಗಲ್ಲ. ಹೊಸದಾಗಿ ಒಳಗೆ ಪೇಂಟ್, ಕೆಮಿಕಲ್ ಬಳಿದಿದ್ರೆ ದೀಪದಿಂದಲೇ ಭಗ್ ಅಂದುಬಿಡಬಹುದು.

ಪ್ರಶ್ನೆ (5ನೇ ಕ್ರಾಸ್): ಪಾಯಿಖಾನೆ ಗುಂಡಿ ತುಂಬಿದೆ. ಒಬ್ಬರು ಇಳಿದು ಬಳಿದು ಕೊಡ್ತೀವಿ ಅಂತಾರೆ, ಸಕ್ಕಿಂಗ್ ಲಾರಿಗಿಂತ ಕಮ್ಮಿ ಆಗುತ್ತೆ.

ಉತ್ತರ: ಬೇಡ. ಮಲ ಹೊರಿಸೋದನ್ನ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಸರಿಯಾದ ರಕ್ಷಣೆ ಇಲ್ಲದೆ ಮನುಷ್ಯನನ್ನ ಗುಂಡಿಗೆ ಇಳಿಸಿದ್ರೆ, ಇಳಿಸಿದ ನಿಮಗೇ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲಾ ಎರಡು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಅವನು ಒಪ್ಪಿಕೊಂಡೇ ಇಳಿದ ಅಂದ್ರೆ ನಡೆಯಲ್ಲ. ಸಕ್ಕಿಂಗ್ ಲಾರಿ ಕರೆಸಿ, ಪಾಲಿಕೆಯವರನ್ನ ಕೇಳಿ.

ಪ್ರಶ್ನೆ (3ನೇ ಕ್ರಾಸ್): ಎಲೆಕ್ಟ್ರಿಷಿಯನ್ ಬಂದಾಗ ಮೇನ್ ಆಫ್ ಮಾಡಿಕೊಟ್ಟರೆ ಆಯ್ತಲ್ವಾ? ಮೊನ್ನೆ ಆಫ್ ಮಾಡಿದ್ರೂ ಹುಡುಗನಿಗೆ ಶಾಕ್ ಹೊಡೀತು.

ಉತ್ತರ: ನಿಮ್ಮನೇಲಿ ಯುಪಿಎಸ್ ಇದೆ ಅಲ್ವಾ? ಅದೇ. ಮೇನ್ ಆಫ್ ಮಾಡಿದ ತಕ್ಷಣ ಯುಪಿಎಸ್ ಕರೆಂಟ್ ಹೋಯ್ತು ಅಂದ್ಕೊಂಡು ಬ್ಯಾಟರಿಯಿಂದ ಫ್ಯಾನು, ಲೈಟ್ ಲೈನಿಗೆ ಕೊಡೋಕೆ ಶುರು ಮಾಡುತ್ತೆ. ಆ ಶಾಕ್ ಏನೂ ಕಮ್ಮಿ ಇರಲ್ಲ, ಅದೂ 230 ವೋಲ್ಟೇ. ಯುಪಿಎಸ್ ಬಟನ್ ಆಫ್ ಮಾಡಿ, ಬೈಪಾಸ್ ಸ್ವಿಚ್ ಯಾವ ಕಡೆ ಇದೆ ನೋಡಿ, ಆಮೇಲೆ ಮೇನ್. ಅದಾದ್ಮೇಲೂ ಟೆಸ್ಟರ್ ಇಡದೆ ವೈರ್ ಮುಟ್ಟೋ ಹುಡುಗನನ್ನ ನಾನಾದ್ರೆ ವಾಪಸ್ ಕಳಿಸ್ತೀನಿ.

ಇನ್ನೊಂದು. ಗ್ರಾನೈಟ್, ಟೈಲ್ಸ್ ಕಟ್ ಮಾಡೋಕೆ ಬರ್ತಾರಲ್ಲ, ಕಟಿಂಗ್ ಮೆಷಿನ್ನಿಗೆ ಪ್ಲಗ್ಗೇ ಇರಲ್ಲ. ಎರಡು ವೈರಿನ ತುದಿ ಸುಲಿದು ಸಾಕೆಟ್ ತೂತಿಗೆ ತುರುಕಿ, ಬೀಳದ ಹಾಗೆ ಬೆಂಕಿಕಡ್ಡಿ ಚುಚ್ಚಿರ್ತಾರೆ. ಪಕ್ಕದಲ್ಲೇ ಧೂಳು ಏಳದಿರಲಿ ಅಂತ ನೀರು ಬಿಡ್ತಿರ್ತಾರೆ. ಬರೀ ಪ್ಲಗ್ ಟಾಪ್ ತಂದುಕೊಡಿ, ನೂರಿನ್ನೂರು ರೂಪಾಯಿ ಕೆಲಸ. ನಿಮ್ಮ ಡಿಬಿ ಬಾಕ್ಸಲ್ಲಿ (ಮೇನ್ ಸ್ವಿಚ್ಚುಗಳೆಲ್ಲ ಇರೋ ಪೆಟ್ಟಿಗೆ) 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್, ಇದೆಯಾ ನೋಡಿ, ಅದರ ಮೇಲೆ "ಟಿ" ಅಂತ ಸಣ್ಣ ಬಟನ್ ಇರುತ್ತೆ, ತಿಂಗಳಿಗೊಂದು ಸಲ ಒತ್ತಿ. ಟಪ್ ಅಂತ ಬಿದ್ರೆ ಸರಿ, ಬೀಳಲಿಲ್ಲ ಅಂದ್ರೆ ಬದಲಾಯಿಸಿ.

ಪ್ರಶ್ನೆ (6ನೇ ಕ್ರಾಸ್): ಒಡವೆ, ದುಡ್ಡಿನ ವಿಚಾರ? ಆಧಾರ್ ಇಟ್ಟುಕೊಳ್ಳಬೇಕಾ? ಪೇಂಟರ್‌ಗಳು ನಾಲ್ಕು ದಿನ ಮನೇಲೇ ಇರ್ತಾರೆ.

ಉತ್ತರ: ಒಡವೆ ಬ್ಯಾಂಕ್ ಲಾಕರಲ್ಲಿ, ಇಲ್ಲಾ ಬೀಗ ಹಾಕಿದ ರೂಮಲ್ಲಿ ಇಡಿ, ಆ ರೂಮಿನ ಪೇಂಟ್ ಕೊನೆಗೆ ಆಗಲಿ. ಇದನ್ನ ನಮ್ಮ ಹುಡುಗರ ಪರವಾಗಿ ಕೇಳ್ಕೋತಿದ್ದೀನಿ. ಹತ್ತು ವರ್ಷದ ಹಿಂದೆ ಒಂದು ಮನೇಲಿ ಸರ ಕಾಣಲಿಲ್ಲ ಅಂತ ನನ್ನ ಹೆಲ್ಪರನ್ನ ಎಲ್ಲರ ಮುಂದೆ ಜೇಬು ಬಿಚ್ಚಿಸಿ ನಿಲ್ಲಿಸಿದ್ರು. ಪೇಂಟಿಂಗ್ ಅಂತ ಅವರೇ ಎತ್ತಿಟ್ಟಿದ್ದು, ಮೂರನೇ ದಿನ ರಾಗಿ ಡಬ್ಬದಲ್ಲಿ ಸಿಕ್ತು. ಫೋನ್ ಮಾಡಿ "ಸಿಕ್ತು ಕಣಪ್ಪ" ಅಂದ್ರು, ಅಷ್ಟೇ. ಆ ಹುಡುಗ ಆಮೇಲೆ ಯಾರ ಮನೆಯೊಳಗೂ ಕೆಲಸಕ್ಕೆ ಬರಲಿಲ್ಲ, ಈಗ ಆಟೋ ಓಡಿಸ್ತಾನೆ.

ಆಧಾರ್: ಫೋಟೋ ಇರೋ ಯಾವುದಾದ್ರೂ ಕಾರ್ಡ್ ನೋಡಿ, ಹೆಸರು, ಫೋನ್ ನಂಬರ್ ಬರ್ಕೊಳ್ಳಿ. ನಂಬರ್ ಮುಚ್ಚಿದ ಆಧಾರ್ ಪ್ರತಿ ಬರುತ್ತೆ, ಅದು ಸಾಕು. ಬಂದಿರೋ ಅಷ್ಟೂ ಜನರ ಹೆಸರು ಬೇಕು, ಮೇಸ್ತ್ರಿದು ಒಂದೇ ಅಲ್ಲ. ದಿನಾ ಬರೋ ಮನೆಕೆಲಸದವರಾದ್ರೆ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನೆಗೆ ಹಾಕಬಹುದು. ಮೀಸೆ ಮೂಡದ ಹುಡುಗನನ್ನ ಕರ್ಕೊಂಡು ಬಂದ್ರೆ ವಯಸ್ಸು ಕೇಳಿ. 14 ತುಂಬದವರನ್ನ ಯಾವ ಕೆಲಸಕ್ಕೂ ಇಟ್ಟುಕೊಳ್ಳೋ ಹಾಗಿಲ್ಲ.

ಪ್ರಶ್ನೆ (4ನೇ ಕ್ರಾಸ್): ವಾಷಿಂಗ್ ಮೆಷಿನ್ ರಿಪೇರಿಗೆ ಗೂಗಲಲ್ಲಿ ಸಿಕ್ಕಿದ ನಂಬರಿಗೆ ಮಾಡಿದ್ರೆ, ಬುಕಿಂಗಿಗೆ ಹತ್ತು ರೂಪಾಯಿ ಕಟ್ಟಿ, ಒಂದು ಆ್ಯಪ್ ಹಾಕ್ಕೊಳ್ಳಿ ಅಂದ್ರು.

ಉತ್ತರ: ಹಾಕ್ಕೋಬೇಡಿ ಮೇಡಂ. ನಂಬರ್ ಬಿಲ್ ಮೇಲೆ, ಇಲ್ಲಾ ಮೆಷಿನ್ ಹಿಂದಿನ ಸ್ಟಿಕರ್ ಮೇಲೆ ಇರುತ್ತೆ. ದುಡ್ಡು ಹೋಗಿದ್ರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಇಲ್ಲಿ ಬರೀರಿ.

ಪ್ರಶ್ನೆ (2ನೇ ಕ್ರಾಸ್): ಅಣ್ಣ, ನಾಳೆಯವರಿಗೆ ಬೇಡ ಅಂದೆ. ಬ್ಲೋವರ್ ಇರೋ ತಂಡ ಬುಧವಾರ ಬರ್ತಾರಂತೆ. ನೀವು ಹೇಳಿದ ಹಾಗೆ ಈಗಲೇ ಹೋಗಿ ಮುಚ್ಚಳ ತೆಗೆದಿಟ್ಟು ಬಂದೆ, ಅಲ್ಲಿವರೆಗೂ ಗಾಳಿ ಆಡಲಿ.

ಉತ್ತರ: ಸರ್, ಮನೇಲಿ ಮೂರು ವರ್ಷದ ಮಗು ಇದೆ ಅಂದ್ರಲ್ಲ. ಫೋನ್ ಕೆಳಗಿಟ್ಟು ಮೊದಲು ಹೋಗಿ ಮುಚ್ಚಳ ಮುಚ್ಚಿ. ಮಂಗಳವಾರ ತೆಗೆದ್ರೆ ಸಾಕು, ಆಗ ಬಾಯಿ ಮೇಲೆ ಕಬ್ಬಿಣದ ಗ್ರಿಲ್ ಇಟ್ಟು, ಅದು ಜರುಗದ ಹಾಗೆ ನಾಲ್ಕು ಸೈಜುಗಲ್ಲು ಹೇರಿ. ಮುಚ್ಚಿದ್ಮೇಲೆ ಇಲ್ಲಿ ಒಂದು ಮೆಸೇಜ್ ಹಾಕಿ, ಕಾಯ್ತಿರ್ತೀನಿ.

ಪ್ರಶ್ನೆ (2ನೇ ಕ್ರಾಸ್): ಮುಚ್ಚಿದೆ ಅಣ್ಣ.