ಪದಚರ್ಚೆ: ‘ಆಪರೇಶನ್ಸ್’, ‘ಸಪ್ಲೈ ಚೈನ್’ – ಬೋರ್ಡಿಗೆ ಕನ್ನಡ ಬೇಕು, ನಾಡಿದ್ದರೊಳಗೆ

ಎಲ್ಲರಿಗೂ ನಮಸ್ಕಾರ.

ನಾನು ಕುಮಟಾದವಳು. ಎಂಬಿಎ ಎರಡನೇ ವರ್ಷ, ಆಪರೇಶನ್ಸ್ ಮತ್ತು ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ರಜೆಗೆ ಊರಿಗೆ ಬಂದಿದ್ದೇನೆ. ಶಿರಸಿಯಲ್ಲಿ ಡಿಗ್ರಿ ಓದುವ ಮಕ್ಕಳಿಗೆ ಈ ವಿಷಯದ ಮೇಲೆ ಒಂದು ದಿನ ಪಾಠ ಮಾಡಲು ಕರೆದಿದ್ದಾರೆ. ಬರುವವರಲ್ಲಿ ಜಾಸ್ತಿ ಜನ ಅಡಿಕೆ ತೋಟದವರ ಮಕ್ಕಳು, ಕೆಲವರು ಮೀನು ವ್ಯಾಪಾರದ ಮನೆಯವರು. ಪಾಠ ಕನ್ನಡದಲ್ಲೇ ಆಗಬೇಕು. ನಾಡಿದ್ದು ಬೆಳಿಗ್ಗೆ ಫ್ಲೆಕ್ಸ್ ಪ್ರಿಂಟಿಗೆ ಕೊಡಬೇಕು.

ತಲೆಬರಹಕ್ಕೆ ‘ಕಾರ್ಯಾಚರಣೆ ಮತ್ತು ಪೂರೈಕೆ ಸರಪಳಿ ನಿರ್ವಹಣೆ’ ಅಂತ ಬರೆದಿಟ್ಟಿದ್ದೇನೆ. ನನಗೇ ಒಪ್ಪಿಗೆಯಾಗುತ್ತಿಲ್ಲ. ಪಾಠದೊಳಗೆ ಇನ್ವೆಂಟರಿ, ಲೀಡ್ ಟೈಮ್, ಬಾಟಲ್‌ನೆಕ್, ಬುಲ್‌ವಿಪ್ ಎಫೆಕ್ಟ್ ಇವಕ್ಕೂ ಪದ ಬೇಕು. ತಿಳಿದವರು ಹೇಳಿ.

ಉತ್ತರ 1

ಬರೆದದ್ದು ಸರಿಯಾಗೇ ಇದೆ. ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ಇನ್ವೆಂಟರಿಗೆ ದಾಸ್ತಾನು, ಲೀಡ್ ಟೈಮಿಗೆ ವಾಯಿದೆ. ಇದರಲ್ಲಿ ಚರ್ಚೆಗೆ ಏನಿದೆ?

ಉತ್ತರ 2 (ಹೊನ್ನಾವರ)

ಚರ್ಚೆಗೆ ಬಹಳ ಇದೆ. ‘ಪೂರೈಕೆ’ಯ ಬಾಲ ಮಾತ್ರ ಕನ್ನಡ, ಮೈ ಸಂಸ್ಕೃತದ್ದು. ‘ಸರಬರಾಜು’ ಪಾರಸಿ. ‘ದಾಸ್ತಾನು’ ಮರಾಠಿ ಬಾಗಿಲಿನಿಂದ ಒಳಗೆ ಬಂದದ್ದು. ‘ಒದಗು’ ಅನ್ನುವ ಅಚ್ಚಕನ್ನಡ ಧಾತು ಕೈಯಲ್ಲಿರುವಾಗ ಇವೆಲ್ಲ ಯಾಕೆ? ಒದಗು, ಒದಗಿಸು, ಒದಗಣೆ. ಸಪ್ಲೈ ಚೈನ್‌ಗೆ ‘ಒದಗಣೆಯ ಸರ’ ಅನ್ನಿ. ಇನ್ವೆಂಟರಿಗೆ ‘ಕೂಡಿಡಿಕೆ’. ಗೋಡೌನ್ ಬೇಡ, ‘ಕಣಜ’ ಇದೆ. ಬಾಟಲ್‌ನೆಕ್‌ಗೆ ‘ಇಕ್ಕಟ್ಟು’. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ್ದೇನೆ. ಒಂದು ಪದ ಎರವಲು ತಂದಾಗ ನಮ್ಮದೊಂದು ಮೂಲೆ ಸೇರುವುದನ್ನು ಕಣ್ಣಾರೆ ಕಂಡಿದ್ದೇನೆ.

ಉತ್ತರ 3 (ಶಿರಸಿ)

ತಂಗೀ, ನಾನು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆದವನು. ಮೊದಲು ತಲೆಬರಹದ ಮಾತು.

‘ಕಾರ್ಯಾಚರಣೆ’ ಬೇಡವೇ ಬೇಡ. ನಮ್ಮ ಜಿಲ್ಲೆಯಲ್ಲಿ ಆ ಪದಕ್ಕೆ ಈಗ ಬೇರೆಯೇ ಭಾರ ಇದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಮೇಲೆ ವಾರಗಟ್ಟಲೆ ನಾವೆಲ್ಲ ಓದಿದ್ದು ‘ಶೋಧ ಕಾರ್ಯಾಚರಣೆ’. ಕಾರವಾರದವರಿಗೆ ಅದು ನೌಕಾಪಡೆಯ ಮಾತು. ಹಾಗಂತ ಇಂಗ್ಲಿಷನ್ನೇ ಇಟ್ಟರೂ ಆಗದು. ‘ಆಪರೇಶನ್’ ಅಂದರೆ ಊರಿನಲ್ಲಿ ಡಾಕ್ಟರು ಮಾಡುವುದು. ‘ನಿರ್ವಹಣೆ’ಯೂ ಕೈಕೊಡುತ್ತದೆ. ರಸ್ತೆ ನಿರ್ವಹಣೆ, ಪಂಪ್‌ಸೆಟ್ ನಿರ್ವಹಣೆ ಅಂದರೆ ರಿಪೇರಿ, ಅಲ್ವಾ?

ಮೊದಲು ಈ ವಿಷಯವನ್ನು ಪ್ರೊಡಕ್ಷನ್ ಮ್ಯಾನೇಜ್‌ಮೆಂಟ್ ಅನ್ನುತ್ತಿದ್ದರು. ಆಗ ‘ಉತ್ಪಾದನೆ’ ಸಾಕಾಗುತ್ತಿತ್ತು. ಆಸ್ಪತ್ರೆ, ಬ್ಯಾಂಕು, ಹೋಟೆಲ್ಲು ಎಲ್ಲ ಪಾಠದೊಳಗೆ ಬಂದ ಮೇಲೆ ಹೆಸರು ಬದಲಾಯಿತು. ಯಾವ ಕೆಲಸ, ಯಾರಿಂದ, ಯಾವ ಹೊತ್ತಿಗೆ, ಎಷ್ಟು ಅನ್ನುವುದೇ ಇದರ ತಿರುಳು. ಹಾಗಾಗಿ ನಾಮಪದದ ಹಿಂದೆ ಬೀಳಬೇಡ, ಕ್ರಿಯಾಪದ ಹಿಡಿ. ‘ಕೆಲಸ ನಿಭಾಯಿಸುವುದು, ಮಾಲು ತಲುಪಿಸುವುದು’ ಅಂತ ದೊಡ್ಡಕ್ಷರದಲ್ಲಿ ಬರೆಸು. ಕೋರ್ಸಿನ ಹೆಸರು ಕೆಳಗೆ ಸಣ್ಣದಾಗಿ ಕನ್ನಡ ಲಿಪಿಯಲ್ಲಿ ಇರಲಿ. ಪಾಠದೊಳಗೆ ‘ಪೂರೈಕೆ ಸರಪಳಿ’ ಧಾರಾಳವಾಗಿ ಬಳಸು, ಜನಕ್ಕೆ ಬಾಯಿಗೆ ಬಂದಿದೆ.

ತೋಟದ ಮಕ್ಕಳಿಗೆ ಇದು ಹೊಸ ವಿಷಯವೂ ಅಲ್ಲ. ಅಡಿಕೆಯನ್ನು ಹಸಿಯಿರುವಾಗಲೇ ಇಳಿಸಿ, ಸುಲಿದು, ಬೇಯಿಸಿ ಕೆಂಪಡಿಕೆ ಮಾಡೋದಾ? ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡೋದಾ? ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಯಾವಾಗ ಸಿಗುತ್ತಾನೆ, ಸುಲಿಯಲು ಎಷ್ಟು ಆಳು, ಒಲೆಗೆ ಕಟ್ಟಿಗೆ ಇದೆಯಾ, ಅಂಗಳಕ್ಕೆ ಬಿಸಿಲು ಇದೆಯಾ, ಎರಡರ ದರ ಹೇಗಿದೆ – ಇಷ್ಟನ್ನೂ ತೂಗಿ ತೀರ್ಮಾನಿಸಬೇಕು. ಬೇಯಿಸಿದ್ದು ಮತ್ತೆ ಚಾಲಿ ಆಗುವುದಿಲ್ಲ. ಪಾಠವನ್ನು ಇಲ್ಲಿಂದಲೇ ಶುರು ಮಾಡು. ‘ನಿಮ್ಮ ಮನೆಯಲ್ಲಿ ಕೆಲಸ ಎಲ್ಲಿ ಕಟ್ಟಿಕೊಳ್ಳುತ್ತದೆ’ ಅಂತ ಕೇಳು. ಕೊನೆಗೌಡ ಸಿಗುವುದಿಲ್ಲ ಅಂತ ಅರ್ಧ ಕ್ಲಾಸು ಹೇಳುತ್ತದೆ. ಬಾಟಲ್‌ನೆಕ್ ಅದೇ. ‘ಇಕ್ಕಟ್ಟು’ ಅಂದರೆ ಫಜೀತಿ ಅಂತ ತಿಳಿಯುತ್ತಾರೆ. ‘ಕಟ್ಟಿಕೊಂಡ ಜಾಗ’ ಅನ್ನು.

‘ವಾಯಿದೆ’ ತಪ್ಪು. ವಾಯಿದೆ ಅಂದರೆ ಮಾತು ಕೊಟ್ಟ ದಿನ. ಲೀಡ್ ಟೈಮ್ ಅಂದರೆ ಆರ್ಡರ್ ಕೊಟ್ಟಲ್ಲಿಂದ ಮಾಲು ಬರುವವರೆಗೆ ನಿಜವಾಗಿ ಹಿಡಿಯುವ ಸಮಯ. ಎರಡೂ ಒಂದೇ ಆಗಿದ್ದರೆ ಈ ಶಾಸ್ತ್ರವೇ ಬೇಕಿರಲಿಲ್ಲ. ‘ತಲುಪುವ ಅವಧಿ’ ಸಾಕು.

ಇನ್ನು ಬುಲ್‌ವಿಪ್. ಬಾರುಕೋಲಿನ ಹಿಡಿ ಸ್ವಲ್ಪ ಅಲುಗಿದರೆ ತುದಿ ಎಷ್ಟೋ ದೂರ ಬೀಸುತ್ತದೆ. ಅಂಗಡಿಯವನಿಗೆ ಒಂದು ವಾರ ವ್ಯಾಪಾರ ತುಸು ಜಾಸ್ತಿ ಆಗುತ್ತದೆ. ಇರಲಿ ಅಂತ ಅವನು ಇನ್ನಷ್ಟು ಜಾಸ್ತಿ ಆರ್ಡರ್ ಕೊಡುತ್ತಾನೆ. ಸಗಟಿನವನು ಅದರ ಮೇಲೆ ಇನ್ನೂ ಏರಿಸುತ್ತಾನೆ. ಕಾರ್ಖಾನೆಗೆ ಹೋಗುವಾಗ ಅದು ಬೆಟ್ಟ. ಗಿರಾಕಿ ಎಷ್ಟು ಕೊಂಡ ಅನ್ನುವುದನ್ನು ಯಾರೂ ನೋಡುವುದಿಲ್ಲ, ತನಗೆ ಬಂದ ಆರ್ಡರನ್ನು ಮಾತ್ರ ನೋಡುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1961ರಲ್ಲೇ ಇದನ್ನು ವಿವರಿಸಿದ್ದರು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಮಕ್ಕಳ ಡೈಪರಿನ ಆರ್ಡರುಗಳಲ್ಲಿ ಇದನ್ನು ಕಂಡರು. ಮಗು ಒಂದೇ ಹದದಲ್ಲಿ ಡೈಪರ್ ಬಳಸುತ್ತದೆ, ಆರ್ಡರು ಮಾತ್ರ ಕುಣಿಯುತ್ತದೆ. ‘ಬಾರುಕೋಲಿನ ಬೀಸು’ ಅನ್ನು. ಎತ್ತು ಹೂಡಿದ ಮನೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾಸ್ತರರೇ, ಈಗ ನಿಮಗೆ. ‘ಕೂಡಿಡಿಕೆ’ ಬಾಯಲ್ಲೇ ತಡೆಯುತ್ತದೆ. ಕಣಜದಲ್ಲಿ ಭತ್ತ ಇರುತ್ತದೆ, ಅಡಿಕೆ ಚೀಲ ಇರುವುದು ವಖಾರಿಯಲ್ಲಿ. ವಖಾರಿ ಮರಾಠಿಯದೇ, ಶಿಲ್ಕು ಕೂಡ. ಆದರೆ ಪುಸ್ತಕದಲ್ಲಿ ಉಳಿದ ಲೆಕ್ಕ ಶಿಲ್ಕು, ಕಣ್ಣೆದುರು ಇಟ್ಟ ಮಾಲು ದಾಸ್ತಾನು. ಎರಡೂ ತಾಳೆಯಾಗದಿದ್ದರೆ ಆ ರಾತ್ರಿ ನಿದ್ದೆ ಇಲ್ಲ. ಇಷ್ಟು ಹರಿತವಾದ ಎರಡು ಪದ ಇರುವಾಗ ಹೊಸದು ಕಟ್ಟುವುದು ಯಾರಿಗಾಗಿ?

ನೀವು ಬೇಡವೆಂದ ಗೋಡೌನ್ ಕತೆಯನ್ನೂ ಕೇಳಿ. ಇಂಗ್ಲಿಷರಿಗೆ ಅದು ಮಲಯ ಭಾಷೆಯ ‘ಗುದಂಗ್’ನಿಂದ ಬಂತು. ಮಲಯಕ್ಕೆ ಹೋದದ್ದು ನಮ್ಮ ದಕ್ಷಿಣದ ಕರಾವಳಿಯಿಂದ ಅಂತ ನಿಘಂಟುಕಾರರ ಎಣಿಕೆ. ತಮಿಳಿನ ‘ಕಿಟಂಗು’, ತೆಲುಗಿನ ‘ಗಿಡ್ಡಂಗಿ’, ನಮ್ಮ ‘ಗಡಂಗು’ ಎಲ್ಲ ಒಂದೇ ಬಳಗ. ಗಡಂಗು ಈಗ ಹೆಂಡದಂಗಡಿ ಆಗಿ ಕೂತಿದೆ, ಉಗ್ರಾಣದ ಅರ್ಥ ಸಮುದ್ರ ಸುತ್ತಿ ಮನೆಗೆ ಬಂದಿದೆ. ಹಾಗೆ ಬಂದವನನ್ನು ಪರಕೀಯ ಅನ್ನುತ್ತೀರಾ? ಜಪಾನಿನ ‘ಕಾನ್‌ಬಾನ್’ ನೋಡಿ. ಬೇಕಾದಾಗ ಬೇಕಾದಷ್ಟೇ ಮಾಲು ತರಿಸಲು ಟೊಯೋಟಾದ ತೈಇಚಿ ಓನೋ ಬಳಕೆಗೆ ತಂದ ಚೀಟಿ ಪದ್ಧತಿ ಅದು. ಜಗತ್ತಿನ ಬಿಸಿನೆಸ್ ಶಾಲೆಗಳೆಲ್ಲ ಆ ಪದವನ್ನು ಹಾಗೇ ತೆಗೆದುಕೊಂಡವು. ಯಾವ ಭಾಷೆಯೂ ಅದರಿಂದ ಸಾಯಲಿಲ್ಲ.

ಉತ್ತರ 4 (ಹೊನ್ನಾವರ)

ಕಾನ್‌ಬಾನ್ ನನ್ನ ಪರವಾದ ಸಾಕ್ಷಿ. ಜಪಾನಿಯರು ತಮ್ಮ ಮಾತಿನಲ್ಲೇ ಕೆಲಸ ಕಟ್ಟಿದರು, ಅದಕ್ಕೇ ಜಗತ್ತು ಅವರ ಪದ ಕೇಳಿ ಪಡೆಯಿತು. ನಾವು ಪಡೆಯುತ್ತಲೇ ಇದ್ದೇವೆ, ಕೊಡುವುದು ಯಾವಾಗ? ಗಡಂಗು ಒಪ್ಪಿದೆ. ಹಾಗಾದರೆ ಬೋರ್ಡಿನ ಮೇಲೆ ಗಡಂಗು ಅಂತಲೇ ಬರೆಯುವ ಧೈರ್ಯ ಮಾಡಿ.

ಉತ್ತರ 5 (ಶಿರಸಿ)

ಅಡಿಕೆ ಬೆಳೆಗಾರರನ್ನು ಹೆಂಡದಂಗಡಿಗೆ ಕರೆದ ಹಾಗಾಗುತ್ತದೆ. ಬೇಡ.

ಉತ್ತರ 6 (ಕಾರವಾರ)

ಇಬ್ಬರೂ ಅಡಿಕೆಯಲ್ಲೇ ನಿಂತಿರಿ. ಮೀನಿನವರ ಮಕ್ಕಳೂ ಬರುತ್ತಾರಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಅದಕ್ಕೇ ಬೇಸಿಗೆಯಲ್ಲೇ ಒಣಮೀನು ಮಾಡಿ ಇಡುತ್ತೇವೆ. ಇದು ಗೊತ್ತಿರುವ ಕೊರತೆಗೆ ಇಡುವ ಮಾಲು, ‘ಮಳೆಗಾಲದ ದಾಸ್ತಾನು’ ಅನ್ನಿ. ಯಾವಾಗ ಬರುತ್ತದೋ ಗೊತ್ತಿಲ್ಲದ ಕೊರತೆಗೆ ಇಡುವುದು ಬೇರೆ. ಶಿರೂರಿನಲ್ಲಿ ಹೆದ್ದಾರಿ ಬಂದಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ಪುಸ್ತಕದ ಸೇಫ್ಟಿ ಸ್ಟಾಕ್ ಈ ಎರಡನೆಯದು. ‘ಆಪತ್ತಿನ ದಾಸ್ತಾನು’ ಅಂದರೆ ನೇರವಾಗಿ ತಾಗುತ್ತದೆ. ಪದ ಹುಡುಕುವಾಗ ಈ ಎರಡನ್ನು ಮಾತ್ರ ಕಲಸಬೇಡಿ.

ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ತುಂಬಾ ಉಪಕಾರ. ‘ಕೆಲಸ ನಿಭಾಯಿಸುವುದು, ಮಾಲು ತಲುಪಿಸುವುದು’ ಅಂತಲೇ ಫ್ಲೆಕ್ಸಿಗೆ ಕೊಡುತ್ತಿದ್ದೇನೆ. ದಾಸ್ತಾನು, ತಲುಪುವ ಅವಧಿ, ಕಟ್ಟಿಕೊಂಡ ಜಾಗ, ಬಾರುಕೋಲಿನ ಬೀಸು – ಇವು ಪಾಠದೊಳಗೆ. ಮಳೆಗಾಲದ ದಾಸ್ತಾನು ಬೇರೆ, ಆಪತ್ತಿನ ದಾಸ್ತಾನು ಬೇರೆ ಅಂತ ಒಂದು ಚಿತ್ರವನ್ನೇ ಬರೆಸುತ್ತೇನೆ. ಮಾಸ್ತರರೇ, ಒದಗು ಅನ್ನುವ ಮಾತು ನನಗೂ ಇಷ್ಟ. ‘ಮಾಲು ಒದಗಿಸುವವರು’ ಅಂತ ಸಪ್ಲೈಯರ್‌ಗೆ ಬಳಸುತ್ತೇನೆ. ಕುಮಟಾ ಹತ್ತಿಯ ಕತೆಯನ್ನೂ ಸೇರಿಸುತ್ತೇನೆ. ಧಾರವಾಡದ ಕಡೆ ಬೆಳೆದ ಹತ್ತಿ ನಮ್ಮ ಬಂದರಿನಿಂದ ಮುಂಬೈಗೆ ಹೋಗಿ, ಬಂದರಿನ ಹೆಸರನ್ನೇ ಪಡೆದದ್ದು ಪೂರೈಕೆ ಸರಪಳಿಗೆ ಒಳ್ಳೆಯ ಉದಾಹರಣೆ ಅಲ್ವಾ?

ಒಂದೇ ಒಂದು ಬಾಕಿ ಇದೆ. ಮಧ್ಯಾಹ್ನ ಎಂಐಟಿಯ ಬಿಯರ್ ಆಟವನ್ನು (ಅಂಗಡಿ, ಸಗಟು, ಕಾರ್ಖಾನೆಯವರಾಗಿ ಕೂತು ಒಬ್ಬರಿಗೊಬ್ಬರು ಆರ್ಡರ್ ಕೊಡುವ ಆಟ) ಅಡಿಕೆ ಚೀಲ ಇಟ್ಟು ಆಡಿಸುತ್ತೇನೆ. ಅದರಲ್ಲಿ ಆರ್ಡರ್ ಬಂದು, ಕೊಡಲು ಮಾಲಿಲ್ಲದೆ, ಮುಂದಿನ ವಾರಕ್ಕೆ ಉಳಿಯುವುದಕ್ಕೆ ಬ್ಯಾಕ್‌ಆರ್ಡರ್ ಅನ್ನುತ್ತಾರೆ. ‘ಕೊಡಬಾಕಿ’ ಅಂತ ಬರೆದರೆ ಸಾಲದ ಬಾಕಿ ಅಂತ ತಿಳಿಯುತ್ತಾರಾ? ವಖಾರಿಯಲ್ಲಿ ಏನು ಬರೆಯುತ್ತಿದ್ದಿರಿ? ನಾಳೆ ಸಂಜೆಯೊಳಗೆ ಹೇಳಿದರೆ ಆಟದ ಚೀಟಿ ಬರೆದು ಮುಗಿಸುತ್ತೇನೆ.